ಅಂಟು, ಪುಡಿ, ರಸ: ನಮ್ಮ ಕಲಾ ಸಂಶೋಧನೆಗೆ ಕಲ್ಯಾಣದ ಅರಸನ ಪಾಠ

ಚಿತ್ರಕಲೆಯನ್ನು ಕುರಿತ ಕನ್ನಡದ ಸಂಶೋಧನಾ ಪ್ರಬಂಧಗಳನ್ನು ಕೈಗೆ ಸಿಕ್ಕಷ್ಟು ಓದುತ್ತ ಬಂದಿದ್ದೇನೆ. ನಾನು ಓದಿದವುಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ. ಮೊದಲ ಅಧ್ಯಾಯ ಪ್ರಸ್ತಾವನೆ. ಎರಡನೆಯದು 'ತಾತ್ವಿಕ ಹಿನ್ನೆಲೆ'. ಇದರಲ್ಲಿ ಭರತನ ಎಂಟು ರಸಗಳು, ಅಭಿನವಗುಪ್ತನ ಶಾಂತ, ಆನಂದವರ್ಧನನ ಧ್ವನಿ, ಅಲ್ಲಿಂದ ಹಡಗು ಹತ್ತಿ ಪ್ಲೇಟೊ, ಅರಿಸ್ಟಾಟಲ್, ಟಾಲ್‌ಸ್ಟಾಯ್, ಕ್ರೋಚೆ. ಇಷ್ಟೆಲ್ಲ ಮುಗಿದ ಮೇಲೆ ಚಿತ್ರ ಬರುತ್ತದೆ. ಬಂದ ಚಿತ್ರಕ್ಕೆ ಸಿಗುವುದು ಒಂದು ಪ್ಯಾರಾ: ಇದರಲ್ಲಿ ಕರುಣ ರಸ ಮಡುಗಟ್ಟಿದೆ, ಇದರಲ್ಲಿ ಶೃಂಗಾರ ತುಂಬಿ ತುಳುಕುತ್ತಿದೆ. ಚಿತ್ರ ಎಷ್ಟು ಅಗಲ, ಯಾವುದರ ಮೇಲೆ ಬರೆದದ್ದು, ಬಣ್ಣ ಎಣ್ಣೆಯದೋ ನೀರಿನದೋ, ಗೆರೆ ಮೊದಲು ಬಂತೋ ಬಣ್ಣ ಮೊದಲು ಬಂತೋ ಎಂಬುದು ತಿಳಿಯುವುದಿಲ್ಲ. ಚಿತ್ರವನ್ನು ತೆಗೆದುಹಾಕಿ ಅಲ್ಲಿ ಒಂದು ಭಾವಗೀತೆ ಇಟ್ಟರೂ ಆ ಪ್ಯಾರಾ ಹಾಗೆಯೇ ನಡೆಯುತ್ತದೆ.

ಇದು ಬರೆದವರ ಸೋಮಾರಿತನ ಎಂದು ನನಗೆ ಅನ್ನಿಸುವುದಿಲ್ಲ. ಅವರ ಕೈಗೆ ನಾವು ಕೊಟ್ಟ ಸಲಕರಣೆಯೇ ಅಂಥದ್ದು. ಕನ್ನಡದಲ್ಲಿ ಸೌಂದರ್ಯವನ್ನು ಕುರಿತು ನಡೆದ ದೊಡ್ಡ ಚಿಂತನೆಯೆಲ್ಲ ಕಾವ್ಯದ ಅಂಗಳದಲ್ಲಿ ನಡೆದದ್ದು. ತೀ.ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ'ಯ ಹೆಸರೇ ಅದರ ಎಲ್ಲೆಯನ್ನು ಹೇಳುತ್ತದೆ. ಜಿ.ಎಸ್. ಶಿವರುದ್ರಪ್ಪನವರ 'ಸೌಂದರ್ಯ ಸಮೀಕ್ಷೆ' ಸೌಂದರ್ಯವನ್ನು ಅರಸುವುದು ಕನ್ನಡ ಕಾವ್ಯದಲ್ಲಿ. ಮೈಸೂರಿನ ಎಂ. ಹಿರಿಯಣ್ಣನವರು ತೀರಿಕೊಂಡ ನಾಲ್ಕು ವರ್ಷಗಳ ಮೇಲೆ, 1954ರಲ್ಲಿ, ಹೊರಬಂದ 'ಆರ್ಟ್ ಎಕ್ಸ್‌ಪೀರಿಯನ್ಸ್' ಹೆಸರಿಗೆ ಎಲ್ಲ ಕಲೆಗಳದು. ಆದರೂ ಅದರ ಮನಸ್ಸು ನೆಲೆಸಿರುವುದು ಕಾವ್ಯ ನಾಟಕಗಳಲ್ಲಿ. ಇವು ದೊಡ್ಡ ಪುಸ್ತಕಗಳು. ತಾವು ಕೈಗೆತ್ತಿಕೊಂಡ ಕೆಲಸವನ್ನು ಇವು ಪೂರ್ತಿ ಮಾಡಿವೆ. ಚಿತ್ರದ ಮುಂದೆ ನಿಂತಾಗಲೂ ಇವುಗಳನ್ನೇ ಕೈಯಲ್ಲಿ ಹಿಡಿದುಕೊಂಡದ್ದು ಮುಂದಿನವರಾದ ನಾವು.

ಕಾವ್ಯಮೀಮಾಂಸೆ ಚಿತ್ರವನ್ನು ಹೇಗೆ ಕಂಡಿತ್ತು ಎಂಬುದನ್ನೂ ನೆನೆಯಬೇಕು. ರಸವಿಲ್ಲದ, ಧ್ವನಿ ಇಲ್ಲದ, ಕಾವ್ಯದ ಹೊರರೂಪವನ್ನಷ್ಟೇ ಹೊತ್ತ ಪದ್ಯಕ್ಕೆ ಆನಂದವರ್ಧನ ಕೊಟ್ಟ ಹೆಸರು 'ಚಿತ್ರ'. ಅಂದರೆ ಅದು ಕಾವ್ಯದ ನಕಲು, ಜೀವವಿಲ್ಲದ ಬೊಂಬೆ. ನಟನನ್ನು ರಾಮನೆಂದು ನಾವು ಹೇಗೆ ಗ್ರಹಿಸುತ್ತೇವೆ ಎಂದು ವಿವರಿಸಲು ಶಂಕುಕ ಚಿತ್ರದ ಕುದುರೆಯನ್ನು ತಂದ. ಅದನ್ನು ನೋಡಿ 'ಕುದುರೆ' ಎನ್ನುತ್ತೇವಲ್ಲ, ಆ ತಿಳಿವಳಿಕೆ ನಿಜವೂ ಅಲ್ಲ, ಸುಳ್ಳೂ ಅಲ್ಲ, ಸಂದೇಹವೂ ಅಲ್ಲ ಎಂಬುದು ಅವನ ವಾದ. ಎರಡೂ ಕಡೆ ಚಿತ್ರ ಬರುವುದು ಬೇರೊಂದನ್ನು ತಿಳಿಸುವ ಉದಾಹರಣೆಯಾಗಿ. ಚಿತ್ರವನ್ನೇ ಕುರಿತ ವಿಚಾರ ಅಲ್ಲಿಲ್ಲ. ಉದಾಹರಣೆಯಾಗಿ ಎರವಲು ಹೋದದ್ದನ್ನು ಅಳೆಯಲು ಎರವಲು ಪಡೆದವರ ಅಳತೆಗೋಲನ್ನೇ ತಂದುಕೊಂಡಿದ್ದೇವೆ. ಆದರೂ ಆ ಕಾಶ್ಮೀರದ ಪಂಡಿತರು ನಮಗಿಂತ ಜಾಗರೂಕರು. ಶಂಕುಕನಿಗೆ ಉತ್ತರ ಕೊಡುವಾಗ ಅಭಿನವಗುಪ್ತ ಸಿಂದೂರವನ್ನು ನೆನೆಯುತ್ತಾನೆ. ಗೋಡೆಯ ಮೇಲೆ ಇರುವುದು ಸಿಂದೂರವೇ ಮೊದಲಾದ ಬಣ್ಣಗಳು, ಅವು ಹಸುವಿನ ಅಂಗಾಂಗಗಳ ಜೋಡಣೆಯನ್ನು ಹೋಲುವಂತೆ ಕುಳಿತಿವೆ, ಅಷ್ಟೇ ಎನ್ನುತ್ತಾನೆ. ತರ್ಕದ ನಟ್ಟನಡುವೆ ಬಣ್ಣದ ಹೆಸರು ಹೇಳಬೇಕೆಂದು ಅವನಿಗೆ ತೋಚಿತು.

ಅಭಿನವನ ಈ ಮಾತುಗಳಿರುವ 'ಅಭಿನವಭಾರತೀ' ನಾಟ್ಯಶಾಸ್ತ್ರದ ಜೊತೆ ಅಚ್ಚಾಗತೊಡಗಿದ್ದು 1926ರಲ್ಲಿ, ಬರೋಡಾದಲ್ಲಿ, ಮಾನವಲ್ಲಿ ರಾಮಕೃಷ್ಣ ಕವಿಗಳ ಸಂಪಾದಕತ್ವದಲ್ಲಿ. ನಾನಿರುವ ವಟ್ವಾದಿಂದ ಬರೋಡಾ, ಅಂದರೆ ಈಗಿನ ವಡೋದರಾ, ರೈಲಿನಲ್ಲಿ ನೂರು ಕಿಲೋಮೀಟರಿನಷ್ಟು ದೂರ. ಸಯಾಜಿರಾವ್ ಗಾಯಕವಾಡರ ಕಾಲದಲ್ಲಿ ಆರಂಭವಾದ 'ಗಾಯಕವಾಡ್ಸ್ ಓರಿಯೆಂಟಲ್ ಸೀರೀಸ್' ಮಾಲೆಯ ಮೊದಲ ಪುಸ್ತಕವೇ ರಾಜಶೇಖರನ 'ಕಾವ್ಯಮೀಮಾಂಸಾ', 1916. ಚಿತ್ರಸೂತ್ರವಿರುವ 'ವಿಷ್ಣುಧರ್ಮೋತ್ತರ'ದ ಮೂರನೆಯ ಖಂಡವನ್ನು ಪ್ರಿಯಬಾಲಾ ಶಾ ಅವರು ಸಂಪಾದಿಸಿ ಕೊಟ್ಟದ್ದು ಇದೇ ಮಾಲೆಯಲ್ಲಿ, 1958ರಲ್ಲಿ. ನನ್ನ ಈ ಲೇಖನಕ್ಕೆ ಮುಖ್ಯವಾದ ಪುಸ್ತಕವೂ ಇಲ್ಲಿಯದೇ. ಅದು 'ಮಾನಸೋಲ್ಲಾಸ', ಇನ್ನೊಂದು ಹೆಸರು 'ಅಭಿಲಷಿತಾರ್ಥಚಿಂತಾಮಣಿ'. ಬರೆದವನು ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ, ಆರನೆಯ ವಿಕ್ರಮಾದಿತ್ಯನ ಮಗ. ಕಾಲ 1129ರ ಸುಮಾರು. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಇದರ ಮೊದಲ ಭಾಗವನ್ನು 1926ರಲ್ಲಿ ಹೊರತಂದರು. ನೂರು ಅಧ್ಯಾಯಗಳ ಪೂರ್ಣ ಗ್ರಂಥ ಜಿ.ಕೆ. ಶ್ರೀಗೊಂಡೇಕರರ ಸಂಪಾದಕತ್ವದಲ್ಲಿ 1925, 1939, 1961ರಲ್ಲಿ ಮೂರು ಸಂಪುಟಗಳಾಗಿ ಬಂದದ್ದು ಬರೋಡಾದಿಂದ. ಇಂದಿನ ಬಸವಕಲ್ಯಾಣದಲ್ಲಿ ಕುಳಿತು ಆಳಿದ ಅರಸನ ಪುಸ್ತಕವನ್ನು ಪೂರ್ತಿಯಾಗಿ ಓದಬೇಕಾದರೆ ಗುಜರಾತಿನ ಅಚ್ಚನ್ನು ಹಿಡಿಯಬೇಕು. ಹೊಟ್ಟೆಪಾಡಿಗೆ ಇಲ್ಲಿಗೆ ಬಂದ ನನ್ನಂಥವರಿಗೆ ಇದು ಸಣ್ಣ ಸಮಾಧಾನದ ಸಂಗತಿ.

ಸೋಮೇಶ್ವರ ಚಿತ್ರದ ಮಾತೆತ್ತುವುದು ಅರಮನೆಯ ಮನೆಗಳನ್ನು ವಿವರಿಸುವಾಗ. ಅವನು ಹಿಡಿಯುವ ಕ್ರಮ ಹೀಗಿದೆ. ಮೊದಲು ಗೋಡೆ: ಅದು ನುಣುಪಾಗಿ, ಸಮನಾಗಿ ಇರಬೇಕು. ಆಮೇಲೆ ಅಂಟು: ಎಮ್ಮೆಯ ಚರ್ಮವನ್ನು ನೀರಿನಲ್ಲಿ ಬೆಣ್ಣೆಯಷ್ಟು ಮೆತ್ತಗಾಗುವವರೆಗೆ ಕುದಿಸಿ, ಕಡ್ಡಿಗಳಾಗಿ ಮಾಡಿ ಒಣಗಿಸಬೇಕು. ಬೇಕಾದಾಗ ಬಿಸಿನೀರಿನಲ್ಲಿ ಕರಗಿಸಿ, ಬಿಳಿಮಣ್ಣು ಸೇರಿಸಿ ಗೋಡೆಗೆ ಬಳಿಯಬೇಕು. ಇದು ವಜ್ರಲೇಪ. ಆಮೇಲೆ ಗೆರೆ ಎಳೆಯುವ ಕಡ್ಡಿ: ಕಾಡಿಗೆಯನ್ನು ಅನ್ನದ ಜೊತೆ ಅರೆದು ಮಾಡಿದ್ದು. ಆಮೇಲೆ ಕುಂಚ: ಕರುವಿನ ಕಿವಿಯ ಕೂದಲನ್ನು ಅರಗಿನಿಂದ ಕಡ್ಡಿಗೆ ಕೂರಿಸಿದ್ದು, ದಪ್ಪ, ನಡುವಿನದು, ಸಣ್ಣದು ಎಂದು ಮೂರು ಬಗೆ. ಆಮೇಲೆ ಬಣ್ಣಗಳು: ಶಂಖದ ಬಿಳಿ, ಇಂಗಳಿಕದ ಕೆಂಪು, ಹರಿತಾಳದ ಹಳದಿ, ಕಾಡಿಗೆಯ ಕಪ್ಪು, ಇವುಗಳ ಬೆರಕೆಯಿಂದ ಹುಟ್ಟುವ ಉಳಿದವು.

ಚಿತ್ರಗಳು ಐದು ಬಗೆ ಎಂದೂ ಅವನು ಹೇಳುತ್ತಾನೆ. ಕನ್ನಡಿಯೊಳಗಿನ ಬಿಂಬದ ಹಾಗೆ ವಸ್ತುವನ್ನು ಹೋಲುವಂತೆ ಬರೆದದ್ದು ವಿದ್ಧ. ಮನಸ್ಸಿಗೆ ಥಟ್ಟನೆ ಬಂದದ್ದನ್ನು ಆಕಾರ ಮಾತ್ರ ಮೂಡುವಂತೆ ಬರೆದದ್ದು ಅವಿದ್ಧ. ನೋಡಿದೊಡನೆ ಶೃಂಗಾರವೇ ಮೊದಲಾದ ರಸ ತಿಳಿದು ಮನಸ್ಸಿಗೆ ಕುತೂಹಲ ಹುಟ್ಟಿಸುವುದು ಭಾವಚಿತ್ರ. ಒದ್ದೆ ಬಣ್ಣಗಳಿಂದ ಬರೆದದ್ದು ರಸಚಿತ್ರ. ಪುಡಿ ಬಣ್ಣಗಳಿಂದ ಬರೆದದ್ದು ಧೂಳಿಚಿತ್ರ.

ನಾಲ್ಕನೆಯದರ ಬಳಿ ಸ್ವಲ್ಪ ನಿಲ್ಲಬೇಕು. ಇಲ್ಲಿ 'ರಸ' ಎಂದರೆ ದ್ರವ, ಹಸಿ ಬಣ್ಣ. ಕಾವ್ಯಮೀಮಾಂಸೆಯ ರಸಕ್ಕೆ ಸೋಮೇಶ್ವರ ಕೊಟ್ಟ ಮನೆ ಮೂರನೆಯದು, ಅಂದರೆ ಭಾವಚಿತ್ರ. ನಾಟ್ಯಶಾಸ್ತ್ರವನ್ನಷ್ಟೇ ಓದಿಕೊಂಡು ಬಂದ ಸಂಶೋಧಕ 'ರಸಚಿತ್ರ' ಎಂಬ ಮಾತನ್ನು ಕಂಡ ತಕ್ಷಣ ನವರಸಗಳ ಪಟ್ಟಿ ಬಿಚ್ಚುತ್ತಾನೆ. ಚಿತ್ರಗಾರನ ಕೈಯಲ್ಲಿದ್ದುದು ಬಟ್ಟಲು, ಬಟ್ಟಲಲ್ಲಿ ಕಲಸಿದ ಬಣ್ಣ. ನಮ್ಮ ಕಲಾ ಸಂಶೋಧನೆಯ ಇಡೀ ಸಮಸ್ಯೆ ಈ ಒಂದು ಪದದಲ್ಲಿದೆ. ತೊಟ್ಟಿಕ್ಕುವ ರಸವನ್ನು ಒರೆಸಿ ಹಾಕಿ ಆಸ್ವಾದದ ರಸವನ್ನಷ್ಟೇ ಉಳಿಸಿಕೊಂಡಿದ್ದೇವೆ.

ಹಾಗೆಂದು ರಸಸಿದ್ಧಾಂತವೇ ಚಿತ್ರಕ್ಕೆ ಹೊರಗಿನದು ಎನ್ನುವಂತಿಲ್ಲ. 'ವಿಷ್ಣುಧರ್ಮೋತ್ತರ' ಒಂಬತ್ತು ಚಿತ್ರರಸಗಳನ್ನು ಹೇಳುತ್ತದೆ. ಶೃಂಗಾರ, ಹಾಸ್ಯ, ಶಾಂತದ ಚಿತ್ರಗಳು ಮನೆಗೆ ಸರಿ, ಉಳಿದವು ದೇವಾಲಯಕ್ಕೂ ರಾಜಸಭೆಗೂ ಇರಲಿ ಎನ್ನುತ್ತದೆ. ಅಂದರೆ ಅದಕ್ಕೆ ರಸವೆನ್ನುವುದು ಗೋಡೆಯ ಪ್ರಶ್ನೆಯೂ ಹೌದು: ಯಾವ ಚಿತ್ರದ ಕೆಳಗೆ ಜನ ಮಲಗುತ್ತಾರೆ, ಯಾವುದರ ಕೆಳಗೆ ನ್ಯಾಯ ಹೇಳುತ್ತಾರೆ? ನಮ್ಮ ಪ್ರಬಂಧಗಳು ರಸದ ಹೆಸರನ್ನು ಇಟ್ಟುಕೊಂಡು ಗೋಡೆಯನ್ನು ಕೈಬಿಟ್ಟಿವೆ.

ಸೋಮೇಶ್ವರನ ಐದನ್ನು ಐದು ಖಾನೆಗಳೆಂದು ಓದಿದರೆ ಗೊಂದಲವಾಗುತ್ತದೆ. ಒಂದು ಚಿತ್ರ ಒದ್ದೆ ಬಣ್ಣದ್ದೂ ಆಗಿ ಕನ್ನಡಿಯಂತೆಯೂ ಇರಬಹುದಲ್ಲ? ನನ್ನ ಓದಿನಲ್ಲಿ ಇದು ಒಂದೇ ಪಟ್ಟಿಯಲ್ಲಿ ಸೇರಿದ ಎರಡು ಅಳತೆಗೋಲು. ಮೊದಲ ಮೂರು ಕೇಳುವುದು, ಚಿತ್ರ ವಸ್ತುವಿಗೂ ನೋಡುವವರಿಗೂ ಏನಾಗಿದೆ ಎಂದು. ಕೊನೆಯ ಎರಡು ಕೇಳುವುದು, ಅದು ಯಾವುದರಿಂದ ಆಗಿದೆ ಎಂದು. ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿದಾಗ ಪಟ್ಟಿ ಕೆಲಸಕ್ಕೆ ಬರುತ್ತದೆ. ದೀಪಾವಳಿಯ ಹೊತ್ತಿಗೆ ಗುಜರಾತಿನ ಊರುಗಳಲ್ಲಿ ರಂಗೋಲಿ ಪ್ರದರ್ಶನಗಳು ನಡೆಯುತ್ತವೆ. ಅಲ್ಲಿ ಪುಡಿಯಿಂದಲೇ ಮನುಷ್ಯರ ಮುಖಗಳನ್ನು ಫೋಟೋ ಎನ್ನುವಷ್ಟು ನಿಜವಾಗಿ ಬಿಡಿಸುತ್ತಾರೆ. ಅದು ಧೂಳಿಯಲ್ಲಿ ವಿದ್ಧ. ನಮ್ಮ ಕಡೆಯ ಚುಕ್ಕಿ ರಂಗೋಲಿ ಯಾವ ವಸ್ತುವಿನ ಬಿಂಬವೂ ಅಲ್ಲ. ಅದಕ್ಕೆ ಅವಿದ್ಧವೂ ಪೂರ್ತಿ ಹೊಂದುವುದಿಲ್ಲ, ಏಕೆಂದರೆ ಅದು ಥಟ್ಟನೆ ಬಂದದ್ದಲ್ಲ, ಎಣಿಕೆಯದು. ಪಟ್ಟಿ ಸಾಲದಾಯಿತು ಎಂದು ಇಲ್ಲಿ ಗೊತ್ತಾಗುತ್ತದೆ. ಸಂಶೋಧನೆ ಶುರುವಾಗಬೇಕಾದ ಜಾಗ ಇದೇ.

ನನ್ನ ಕೆಲಸ ವಟ್ವಾದ ಕೈಗಾರಿಕಾ ವಸಾಹತಿನಲ್ಲಿ, ಬಟ್ಟೆಗೆ ಹಾಕುವ ಬಣ್ಣ ತಯಾರಿಸುವ ಘಟಕವೊಂದರ ಲ್ಯಾಬಿನಲ್ಲಿ. ದಿನವಿಡೀ ನೋಡುವುದು ಧೂಳಿ ಮತ್ತು ರಸವನ್ನೇ. ಫಿಲ್ಟರ್ ಪ್ರೆಸ್ಸಿನಿಂದ ಬಣ್ಣ ಒದ್ದೆ ಕೇಕಾಗಿ ಬರುತ್ತದೆ, ಡ್ರೈಯರಿನಿಂದ ಪುಡಿಯಾಗಿ ಬರುತ್ತದೆ, ನನ್ನ ಮೇಜಿನ ಮೇಲೆ ಮತ್ತೆ ನೀರಿಗೆ ಬೀಳುತ್ತದೆ. ಹತ್ತಿಬಟ್ಟೆಯ ತುಂಡಿಗೆ ಹಾಕಿ, ಹಳೆಯ ಮಾದರಿಯ ಪಕ್ಕದಲ್ಲಿಟ್ಟು, ಗೊತ್ತಾದ ಬೆಳಕಿನಲ್ಲಿ ಹೋಲಿಸಿ ನೋಡುತ್ತೇನೆ. ಒಂದೇ ಕೆಂಪು ಪುಡಿಯಲ್ಲಿ ಕಂದಾಗಿ, ನೀರಿನಲ್ಲಿ ರಕ್ತದಂತೆ, ಬಟ್ಟೆಯ ಮೇಲೆ ದಾಸವಾಳದಂತೆ ಕಾಣುತ್ತದೆ. ಸೋಮೇಶ್ವರ ಒಣದು ಒದ್ದೆಯದು ಎಂದು ಬೇರೆ ಮಾಡಿದ್ದು ನನಗೆ ಎಂದೂ ಸಣ್ಣ ಮಾತಾಗಿ ಕಂಡಿಲ್ಲ. ಬಣ್ಣಕ್ಕೆ ಮೈಯಿದೆ. ಅದು ಮಾಸ್ಕ್ ದಾಟಿ ಮೂಗಿಗೆ ಬರುತ್ತದೆ, ಉಗುರಿನ ಸಂದಿಯಲ್ಲಿ ಭಾನುವಾರವೂ ಇರುತ್ತದೆ. ವಟ್ವಾ, ಓಢವ್, ನರೋಡಾಗಳ ಕಾರ್ಖಾನೆಗಳ ಕೊಳಕು ನೀರಿನ ಪ್ರಶ್ನೆ 1995ರಲ್ಲಿ ಗುಜರಾತ್ ಹೈಕೋರ್ಟಿನವರೆಗೆ ಹೋಗಿ ನೂರಾರು ಘಟಕಗಳನ್ನು ನಿಲ್ಲಿಸುವ ಆದೇಶವಾಯಿತು. ಬಣ್ಣ ಎಲ್ಲಿಂದ ಬಂತು ಎಂದು ಕೇಳದ ಕಲಾಮೀಮಾಂಸೆ ಅದನ್ನು ಅರೆದವರು ಯಾರು ಎಂದೂ ಕೇಳುವುದಿಲ್ಲ.

ಈ ಎಲ್ಲದರಿಂದ ಹುಟ್ಟಿದ ಒಂದು ಸಂಶೋಧನಾ ಪ್ರಸ್ತಾವವನ್ನು ನಾಲ್ಕು ವರ್ಷಗಳ ಹಿಂದೆ ಕರ್ನಾಟಕದ ಒಂದು ವಿಶ್ವವಿದ್ಯಾಲಯಕ್ಕೆ ಕಳಿಸಿದ್ದೆ. ವಲಸೆ ಬಂದ ಕನ್ನಡ ಮನೆಗಳ ರಂಗೋಲಿ ಗುಜರಾತಿನ ಪುಡಿಯಲ್ಲಿ ಹೇಗೆ ಬದಲಾಗಿದೆ ಎಂಬುದು ವಿಷಯ. ಹಿಡಿದ ದಾರಿ ಸೋಮೇಶ್ವರನ ಧೂಳಿಚಿತ್ರ. ಸಂದರ್ಶನ ಹತ್ತು ನಿಮಿಷದಲ್ಲಿ ಮುಗಿಯಿತು. ವಿಷಯ ಜಾನಪದಕ್ಕೆ ಸೇರಿದ್ದು, ಇದರಲ್ಲಿ ಕಲಾಮೀಮಾಂಸೆಯ ಸಿದ್ಧಾಂತ ಎಲ್ಲಿದೆ ಎಂದು ಕೇಳಿದರು. ಅದು ಪಟ್ಟಿಯ ಐದನೆಯ ಸಾಲಿನಲ್ಲಿದೆ ಎಂದೆ. ನಕ್ಕರು. ಒಬ್ಬ ಉದ್ಯೋಗಸ್ಥನ ಪಿಎಚ್.ಡಿ. ತಪ್ಪಿದ್ದು ದೊಡ್ಡ ನಷ್ಟವೇನಲ್ಲ. ಆದರೆ ಆ ಪ್ರಶ್ನೆಯ ಹಿಂದಿರುವ ವಿಂಗಡಣೆಯಿಂದ ಆಗುವ ನಷ್ಟ ದೊಡ್ಡದು. ಕಾಗದದ ಮೇಲಿನ ಜಲವರ್ಣ ಕಲೆ, ಅದಕ್ಕೆ ವಿಮರ್ಶೆ ಬೇಕು. ನೆಲದ ಮೇಲಿನ ಪುಡಿ ಆಚರಣೆ, ಅದಕ್ಕೆ ದಾಖಲೆ ಸಾಕು. ಹೀಗೆ ವಿಂಗಡಿಸಿದಾಗ ಹೆಚ್ಚಾಗಿ ಹೆಂಗಸರು ಬೆಳಗಿನ ಹೊತ್ತು ಬಾಗಿ ಮಾಡುವ ಕೆಲಸ ಸಿದ್ಧಾಂತದ ಹೊರಗೆ ಉಳಿಯುತ್ತದೆ. ಅದು ಚೆನ್ನಾಗಿದೆಯೋ ಇಲ್ಲವೋ ಎಂದು ಹೇಳುವ ಗೌರವವೂ ಅದಕ್ಕೆ ದಕ್ಕುವುದಿಲ್ಲ.

ಆ ಗೌರವವನ್ನು ಕೊಟ್ಟು ನೋಡಿದರೆ ಏನು ಕಾಣುತ್ತದೆ? ನಮ್ಮ ಸೊಸೈಟಿಯಲ್ಲಿ ವಿಜಯಪುರದ ಕಡೆಯ ಒಬ್ಬರಿದ್ದಾರೆ, ನಾನು ವೈನಿ ಎನ್ನುತ್ತೇನೆ. ಇಲ್ಲಿಯ ರಂಗೋಲಿ ಪುಡಿಗೆ ಚಿರೋಡಿ ಎನ್ನುತ್ತಾರೆ. ಅದೇಕೆ ನಿಮ್ಮ ಗೆರೆ ಊರಿನಲ್ಲಿದ್ದಂತೆ ಇಲ್ಲ ಎಂದು ಕೇಳಿದ್ದಕ್ಕೆ ಅವರು ಹೇಳಿದರು: "ನಮ್ಮ ಕಡಿ ಪುಡಿ ಬೆರಳಾಗಿಂದ ತಾನ ಇಳೀತದರಿ. ಈ ಚಿರೋಡಿ ಉರುಟ, ಬೆರಳಿಗೆ ತಿಕ್ಕತದ. ಅದಕ್ಕ ಎಳಿ ದಪ್ಪ ಬರ್ತಾವು, ಚುಕ್ಕಿ ಕಮ್ಮಿ ಮಾಡೀನಿ." ಎರಡು ಮಾತಿನಲ್ಲಿ ಒಂದು ಶೈಲಿಯ ಬದಲಾವಣೆಯ ಕಾರಣ ಬಂತು. ಪುಡಿಯ ಕಣ ದೊಡ್ಡದಾದದ್ದರಿಂದ ಗೆರೆ ದಪ್ಪ. ಗೆರೆ ದಪ್ಪವಾದದ್ದರಿಂದ ಚುಕ್ಕಿಗಳ ನಡುವಿನ ಅಂತರ ಹೆಚ್ಚು. ಅಂತರ ಹೆಚ್ಚಾದದ್ದರಿಂದ ನಡುವೆ ಬಣ್ಣ ತುಂಬಲು ಜಾಗ. ಬಣ್ಣ ತುಂಬಿದ ಮೇಲೆ ಅದು ಗುಜರಾತಿನ ಸಾಥಿಯಾಕ್ಕೆ ಹತ್ತಿರವಾಯಿತು. 'ಸಾಂಸ್ಕೃತಿಕ ಸಂಕರ' ಎಂದು ನಾವು ಅಧ್ಯಾಯ ಬರೆಯುವ ಸಂಗತಿ ಇಲ್ಲಿ ಹೆಬ್ಬೆರಳು ತೋರುಬೆರಳುಗಳ ನಡುವೆ ನಡೆದಿದೆ. ವೈನಿಯ ಹೊಸ ರಂಗೋಲಿ ಹಳೆಯದಕ್ಕಿಂತ ಕಡಿಮೆ ಬಿಗಿ ಎಂದು ನನ್ನ ಅಭಿಪ್ರಾಯ. ಅಂಚಿನ ಬಳಿ ಎಳೆ ಸಡಿಲಾಗುತ್ತದೆ, ಬಣ್ಣ ಅದನ್ನು ಮುಚ್ಚುತ್ತದೆ. ಅವರಿಗೂ ಹೇಳಿದ್ದೇನೆ. ಒಪ್ಪಿಲ್ಲ. ಒಪ್ಪದಿರುವುದೂ ವಿಮರ್ಶೆಯ ಭಾಗವೇ.

ಒದ್ದೆ ಬಣ್ಣಕ್ಕೂ ಒಂದು ಉದಾಹರಣೆ. ಮಲೆನಾಡಿನ ದೀವರ ಮನೆಗಳ ಹಸೆ ಚಿತ್ತಾರ ಸೋಮೇಶ್ವರನ ಅರ್ಥದಲ್ಲಿ ರಸಚಿತ್ರ. ಅಕ್ಕಿಹಿಟ್ಟಿನ ಬಿಳಿ, ಕೆಮ್ಮಣ್ಣಿನ ಕೆಂಪು, ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಪುಂಡಿ ನಾರಿನ ಕುಂಚ. ಕಾಡಿಗೆಗೆ ಅನ್ನ ಬೆರೆಸಿದ ಅರಮನೆಯ ಕಡ್ಡಿಗೂ ಅಕ್ಕಿಯನ್ನೇ ಕಪ್ಪಾಗಿಸಿದ ಈ ಅಡುಗೆಮನೆಯ ಬಣ್ಣಕ್ಕೂ ನೇರ ಸಂಬಂಧ ಇದೆ ಎಂದು ನಾನು ವಾದಿಸುತ್ತಿಲ್ಲ. ಎರಡರ ಮುಂದೆಯೂ ಒಂದೇ ಪ್ರಶ್ನೆ ಇಡಬಹುದು ಎನ್ನುವುದಷ್ಟೇ ನನ್ನ ಮಾತು. ನಾರಿನ ಕುಂಚ ಬಾಗಿದ ಗೆರೆಗಿಂತ ನೇರ ಗೆರೆಯನ್ನು ಸುಲಭವಾಗಿ ಎಳೆಯುತ್ತದೆಯೇ? ಚಿತ್ತಾರದ ಆ ಕಟ್ಟುನಿಟ್ಟಾದ ಜಾಲರಿಗೆ ನಂಬಿಕೆ ಎಷ್ಟು ಕಾರಣ, ನಾರು ಎಷ್ಟು ಕಾರಣ? ನವರಸದ ಪಟ್ಟಿ ಹಿಡಿದವರಿಗೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ.

ವಡೋದರಾ ಈ ವಿಷಯದಲ್ಲಿ ಬೇರೆ ದಾರಿ ತುಳಿಯಿತು. ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗ 1950ರಲ್ಲಿ ಶುರುವಾದಾಗ ಕಲೆ ಮಾಡುವುದು, ಕಲೆಯ ಚರಿತ್ರೆ ಓದುವುದು ಒಂದೇ ಸೂರಿನಡಿ ಬಂದವು. ಚಿತ್ರಕಲೆಗೆ ಎನ್.ಎಸ್. ಬೇಂದ್ರೆ (ನಮ್ಮ ಧಾರವಾಡದವರಲ್ಲ, ಇಂದೋರಿನವರು), ಶಿಲ್ಪಕ್ಕೆ ಶಂಖೋ ಚೌಧುರಿ, ಮರುವರ್ಷ ಬಂದವರು ಮಾಹೆಯಲ್ಲಿ ಬೆಳೆದು ಶಾಂತಿನಿಕೇತನದಲ್ಲಿ ಕಲಿತ ಕೆ.ಜಿ. ಸುಬ್ರಮಣ್ಯನ್. ಸುಬ್ರಮಣ್ಯನ್ ಮಣ್ಣಿನ ಉಬ್ಬುಶಿಲ್ಪ ಮಾಡಿದರು, ಆಟಿಕೆ ಮಾಡಿದರು, 'ದಿ ಲಿವಿಂಗ್ ಟ್ರೆಡಿಷನ್' ಎಂಬ ಪುಸ್ತಕವನ್ನೂ ಬರೆದರು. ಕಲಾಚರಿತ್ರೆ ಕಲಿಸಿದ ಗುಲಾಮ್ ಮೊಹಮ್ಮದ್ ಶೇಖ್ ಚಿತ್ರಕಾರರು, ಗುಜರಾತಿ ಕವಿ ಕೂಡ. 1969ರಿಂದ 1973ರವರೆಗೆ ಭೂಪೇನ್ ಖಕ್ಕರ್ ಜೊತೆ 'ವೃಶ್ಚಿಕ್' ಪತ್ರಿಕೆ ನಡೆಸಿದರು. ರತನ್ ಪರಿಮೂ ಅವರೂ ಕುಂಚ ಹಿಡಿದವರೇ. ಮೂವರು ಟ್ಯಾಗೋರರ ಚಿತ್ರಗಳನ್ನು ಕುರಿತ ಅವರ ಸಂಶೋಧನೆ 1973ರಲ್ಲಿ ಪುಸ್ತಕವಾಯಿತು. ಅಲ್ಲಿಯೇ ಓದಿದ ಜ್ಯೋತಿ ಭಟ್ 1960ರ ದಶಕದ ಕೊನೆಯಿಂದ ಕ್ಯಾಮೆರಾ ಹಿಡಿದು ಹಳ್ಳಿಗಳ ಗೋಡೆ ಮತ್ತು ಅಂಗಳಗಳ ಚಿತ್ರಗಳನ್ನು ವರ್ಷಗಟ್ಟಲೆ ಸೆರೆಹಿಡಿದರು. ಬರೋಡಾದ ಸಿದ್ಧಾಂತ ಕೈ ಮಸಿ ಮಾಡಿಕೊಂಡವರ ಸಿದ್ಧಾಂತ.

ನಮ್ಮಲ್ಲಿ ಅಂಥವರು ಇಲ್ಲವೆಂದಲ್ಲ. ಶಿವರಾಮ ಕಾರಂತರು ಊರೂರು ಅಲೆದು, ಕಣ್ಣಾರೆ ಕಂಡು ಶಿಲ್ಪ ಮತ್ತು ಚಿತ್ರಗಳ ಬಗ್ಗೆ ಬರೆದರು. ಬಿ.ವಿ.ಕೆ. ಶಾಸ್ತ್ರಿಗಳು ಪತ್ರಿಕೆಯ ಅಂಕಣದಲ್ಲೇ ಕಲಾವಿಮರ್ಶೆ ಕಟ್ಟಿದರು. ಎಂ.ಎಸ್. ನಂಜುಂಡರಾಯರ ಶ್ರಮದಿಂದ ಚಿತ್ರಕಲಾ ಪರಿಷತ್ತು ಬೆಳೆಯಿತು. ಆದರೆ ಇವರ ಬರಹ, ಕೆಲಸಗಳು ನಮ್ಮ ಪ್ರಬಂಧಗಳಲ್ಲಿ 'ಮಾಹಿತಿ' ಎಂಬ ತಲೆಬರಹದಡಿ ಬರುತ್ತವೆ, 'ಸಿದ್ಧಾಂತ'ದಡಿ ಬರುವುದಿಲ್ಲ. ನೋಡಿ ಬರೆದದ್ದು ಮಾಹಿತಿ, ಓದಿ ಬರೆದದ್ದು ಸಿದ್ಧಾಂತ ಎಂಬ ಜಾತಿಭೇದ ಒಂದಿದೆ.

ಒಂದು ಎಚ್ಚರಿಕೆ ಹೇಳಿಬಿಡಬೇಕು. ರಂಗೋಲಿ ಕಲೆಯಾಗುವುದು ಅರಸನೊಬ್ಬ ಧೂಳಿಚಿತ್ರವನ್ನು ಪಟ್ಟಿಗೆ ಸೇರಿಸಿದ್ದರಿಂದ ಎಂದು ಯಾರಾದರೂ ನನ್ನ ಮಾತನ್ನು ಓದಿಕೊಂಡರೆ ನಾವು ಮತ್ತೆ ಅದೇ ಹಳ್ಳಕ್ಕೆ ಬೀಳುತ್ತೇವೆ. ಸೋಮೇಶ್ವರ ಬರೆದದ್ದು ರಾಜನ ಸುಖದ ಪುಸ್ತಕ. ಅವನ ಗೋಡೆಗೆ ಎಮ್ಮೆಯ ಚರ್ಮ ಕುದಿಸಿದವರ ಹೆಸರು ಅಲ್ಲಿಲ್ಲ, ಯಾರ ಅಂಗಳದ ಪುಡಿಯೂ ಅವನ ಚಿಂತೆಯಾಗಿರಲಿಲ್ಲ. ವೈನಿಗೆ ಚಾಲುಕ್ಯರ ಸರ್ಟಿಫಿಕೇಟು ಬೇಕಿಲ್ಲ. ನಮಗೆ ಬೇಕಾದದ್ದು ಅವನ ಬರವಣಿಗೆಯ ಕ್ರಮ: ಭಾವಕ್ಕೆ ಬರುವ ಮೊದಲು ಗೋಡೆ, ಅಂಟು, ಕೂದಲು, ಬಣ್ಣ ಎಂದು ನಡೆಯುವ ಆ ಸಾವಧಾನ. ನಮ್ಮ ಪ್ರಬಂಧಗಳ ಎರಡನೆಯ ಅಧ್ಯಾಯವನ್ನು ಕೊನೆಗೆ ತಳ್ಳಿ, ಮೊದಲು ಒಂದು ಚಿತ್ರದ ಮುಂದೆ ಇಪ್ಪತ್ತು ಪುಟದಷ್ಟು ನಿಂತರೆ ಸಾಕು. ಆಗ ಭರತನೂ ಕ್ರೋಚೆಯೂ ಬೇಕಾದ ಕಡೆ ತಾವಾಗಿ ಬರುತ್ತಾರೆ.

ಓದುಗರಲ್ಲಿ ಒಂದು ಕೋರಿಕೆ. ನೀವು ಸೂರತ್ತಿನಲ್ಲಿರಿ, ಪುಣೆಯಲ್ಲಿರಿ, ದುಬೈಯಲ್ಲಿರಿ, ನಿಮ್ಮ ಬಾಗಿಲ ಮುಂದೆ ಬೀಳುವ ರಂಗೋಲಿಯ ಪುಡಿ ಯಾವುದು, ಅಂಗಡಿಯವರು ಅದಕ್ಕೇನು ಹೆಸರು ಹೇಳುತ್ತಾರೆ, ಊರಿನ ಪುಡಿಗಿಂತ ಅದು ಬೆರಳಿಗೆ ಹೇಗೆ ಬೇರೆ, ಅದರಿಂದ ಗೆರೆ ಏನಾಯಿತು ಎಂದು ಬರೆದು ಕಳಿಸಿ. ಹಾಕುವವರನ್ನೇ ಕೇಳಿ ಬರೆಯಿರಿ. ಅವರ ಮಾತು ಅವರ ನುಡಿಗಟ್ಟಿನಲ್ಲೇ ಇರಲಿ. ವಿಶ್ವವಿದ್ಯಾಲಯದ ಅಪ್ಪಣೆ ಇದಕ್ಕೆ ಬೇಕಿಲ್ಲ.